ಸಾಗವಾನಿ ಕಪಾಟು, ಕಬ್ಬಿಣದ ಬೀರು ರಾಯಚೂರಿನಿಂದ ಬಳ್ಳಾರಿಗೆ: ಯಾರ ಕೈಗೆ ಒಪ್ಪಿಸಬೇಕು?

ಪ್ರಶ್ನೆ: ರಾಯಚೂರಿನ ಹಳೆಯ ಓಣಿಯೊಂದರ ಮೊದಲ ಮಹಡಿಯ ಮನೆಯನ್ನು ಬಿಟ್ಟು, ಮೇ ತಿಂಗಳಿನಲ್ಲಿ ಬಳ್ಳಾರಿಯ ಮಗನ ಮನೆಗೆ ಹೋಗುತ್ತಿದ್ದೇವೆ. ಆ ಮನೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಚಿಕ್ಕದು. ತಾತನ ಕಾಲದ ಏಳು ಅಡಿ ಎತ್ತರದ ಸಾಗವಾನಿ ಕಪಾಟು, ಬೀಟೆಯ ಮಂಚ, ಕಬ್ಬಿಣದ ಬೀರು, ಗ್ರಾನೈಟ್ ಹಾಸಿನ ಊಟದ ಮೇಜು, ಜೋಕಾಲಿ, ಫ್ರಿಜ್, ವಾಷಿಂಗ್ ಮಷಿನ್, ಇನ್ವರ್ಟರ್ ನಮ್ಮಲ್ಲಿವೆ. ಊರಿನವರೊಬ್ಬರು ಲಾರಿ ಮತ್ತು ಹಮಾಲರು ಸೇರಿ 18,000 ರೂಪಾಯಿ ಎಂದಿದ್ದಾರೆ. ಅಂತರ್ಜಾಲದಲ್ಲಿ ಸಿಕ್ಕ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು 34,000 ರೂಪಾಯಿ, ಅದರ ಮೇಲೆ ಸಾಮಾನಿನ ಬೆಲೆಯ ಶೇ 3ರಷ್ಟು ವಿಮೆಗೆ ಎನ್ನುತ್ತಿದ್ದಾರೆ. ಯಾರನ್ನು ಒಪ್ಪಿಕೊಳ್ಳಬೇಕು, ಏನೇನು ನೋಡಿಕೊಳ್ಳಬೇಕು?

ಉತ್ತರ: ಎರಡು ದರಗಳಲ್ಲಿ ಯಾವುದನ್ನೂ ಈಗಲೇ ಒಪ್ಪಿಕೊಳ್ಳಬೇಡಿ. ಇಬ್ಬರಲ್ಲಿ ಒಬ್ಬರಾದರೂ ಮನೆಗೆ ಬಂದು ಮೆಟ್ಟಿಲು ನೋಡಿಹೋದರೆಂದು ನೀವು ಬರೆದಿಲ್ಲ. ಮೆಟ್ಟಿಲು ನೋಡದೆ ಹೇಳಿದ ದರವನ್ನು ಭಾರವಾದ ಪೀಠೋಪಕರಣದ ವಿಷಯದಲ್ಲಿ ನಂಬುವಂತಿಲ್ಲ. ಸಾಗಣೆಯಲ್ಲಿ ಸೀಳಿದ, ಕಾಲು ಮುರಿದ, ನೆಗ್ಗಿದ ಸಾಮಾನುಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದೇನೆಂದರೆ, ಹಾನಿಯ ಬಹುಪಾಲು ಕೋಣೆಯ ಬಾಗಿಲಿನಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ಲಾರಿಯ ಹಿಂಬದಿಯ ಅಂಚಿನಲ್ಲಿ, ಅಂದರೆ ಸಾಮಾನು ಮನುಷ್ಯರ ಕೈಯಲ್ಲಿರುವ ಆ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಆದ್ದರಿಂದ ಇಬ್ಬರಿಗೂ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆಯದಲ್ಲ. ಈ ಕಪಾಟನ್ನು ಎತ್ತುವವರು ಯಾರು, ಎಷ್ಟು ಜನ, ಯಾವ ಸಲಕರಣೆಯಿಂದ ಎತ್ತುತ್ತಾರೆ, ಅದೇ ಜನ ಬಳ್ಳಾರಿಗೂ ಬಂದು ಇಳಿಸುತ್ತಾರೆಯೇ ಎಂದು ಕೇಳಿ. ‘ಬಳ್ಳಾರಿಯಲ್ಲಿ ಅಲ್ಲೇ ಜನ ಸಿಗುತ್ತಾರೆ, ಚಿಂತೆ ಮಾಡಬೇಡಿ’ ಎಂಬ ಉತ್ತರ ಬಂದರೆ ಅಲ್ಲಿಯೇ ಎಚ್ಚರಗೊಳ್ಳಿ. ಹತ್ತಿಸಿದವರಿಗೆ ಸಾಮಾನನ್ನು ಹೇಗೆ ಬಿಚ್ಚಲಾಯಿತು, ಯಾವ ಬದಿ ದುರ್ಬಲವಾಗಿದೆ ಎಂಬುದು ಗೊತ್ತಿರುತ್ತದೆ. ಲಾರಿ ಬಂದ ಮೇಲೆ ಕರೆತಂದ ಅಪರಿಚಿತರಿಗೆ ಅದು ಗೊತ್ತಿರುವುದಿಲ್ಲ.

ಹಮಾಲರ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ, ಸಿಂಧನೂರು ಗಂಗಾವತಿಗಳ ಅಕ್ಕಿ ಗಿರಣಿಗಳಲ್ಲಿ ಬೆನ್ನ ಮೇಲೆ ಮೂಟೆ ಹೊರುವವರ ಕೌಶಲ ಸಣ್ಣದಲ್ಲ. ಭಾರದ ಸಮತೋಲವನ್ನು ಅವರಷ್ಟು ಬಲ್ಲವರು ಕಡಿಮೆ. ಆದರೆ ಮೂಟೆ ಬೆನ್ನಿಗೆ ತಕ್ಕಂತೆ ಬಾಗುತ್ತದೆ, ಕೆಳಗೆ ಒಗೆದರೂ ಕೆಡುವುದಿಲ್ಲ. ಕಪಾಟು ಬಾಗುವುದಿಲ್ಲ, ಅದನ್ನು ಇಬ್ಬರು ಮೂವರು ಒಂದೇ ಲಯದಲ್ಲಿ ಇಳಿಸಬೇಕು. ಮನೆ ಸಾಮಾನು ಸಾಗಿಸಿ ರೂಢಿಯಿರುವ ಹಮಾಲರ ತಂಡವೇ ಬೇರೆ, ಮಾರುಕಟ್ಟೆಯಿಂದ ಆ ದಿನಕ್ಕೆ ಕರೆತಂದವರೇ ಬೇರೆ. ನಿಮ್ಮ ಊರಿನ ಗುತ್ತಿಗೆದಾರರು ಯಾವ ಬಗೆಯವರೆಂದು ತಿಳಿಯಲು, ಅವರು ಈಚೆಗೆ ಯಾರ ಮನೆಯ ಸಾಮಾನು ಸಾಗಿಸಿದರೆಂದು ಕೇಳಿ, ಆ ಮನೆಯವರೊಡನೆ ಮಾತನಾಡಿ. ರಾಯಚೂರಿನಂಥ ಊರಿನಲ್ಲಿ ಇದು ಅರ್ಧ ದಿನದ ಕೆಲಸವೂ ಅಲ್ಲ.

ಅಂತರ್ಜಾಲದಲ್ಲಿ ಸಿಕ್ಕ ಸಂಸ್ಥೆಯ ವಿಷಯದಲ್ಲಿ ಅಪಾಯ ಬೇರೆ ರೀತಿಯದು. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಹೆಸರಿನಲ್ಲಿ ಜಾಹೀರಾತು ಕೊಡುವ ಹಲವರಿಗೆ ಈ ಊರುಗಳಲ್ಲಿ ಕಚೇರಿಯೇ ಇರುವುದಿಲ್ಲ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಫೋನಿನಲ್ಲಿ ಕೆಲಸ ಒಪ್ಪಿಕೊಂಡು, ಇಲ್ಲಿನ ಯಾವುದೋ ಲಾರಿ ಮಾಲೀಕನಿಗೆ ಕಡಿಮೆ ದರಕ್ಕೆ ವಹಿಸಿಬಿಡುತ್ತಾರೆ. ಕೆಲವರು ಹೆಸರಾಂತ ಸಂಸ್ಥೆಗಳ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಮುಂಗಡ ಕೊಡುವ ಮೊದಲು ಕಚೇರಿಯ ವಿಳಾಸ ಕೇಳಿ, ಸಾಧ್ಯವಿದ್ದರೆ ಹೋಗಿ ನೋಡಿ. ಅವರ ಜಿಎಸ್‌ಟಿ ಸಂಖ್ಯೆಯನ್ನು ಪಡೆದು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ನೋಂದಾಯಿತ ಹೆಸರು, ವಿಳಾಸ ಮತ್ತು ನೋಂದಣಿ ಜಾರಿಯಲ್ಲಿದೆಯೇ ಎಂಬುದು ಕಾಣುತ್ತದೆ. ಆ ಸಂಖ್ಯೆ 15 ಅಕ್ಷರಗಳದ್ದು, ಕರ್ನಾಟಕದ ನೋಂದಣಿ 29ರಿಂದಲೂ ತೆಲಂಗಾಣದ್ದು 36ರಿಂದಲೂ ಆಂಧ್ರದ್ದು 37ರಿಂದಲೂ ಆರಂಭವಾಗುತ್ತದೆ. ರಸ್ತೆ ಸಾಗಣೆ ಕಾಯ್ದೆ, 2007ರ ಪ್ರಕಾರ ಸಾರ್ವಜನಿಕರ ಸರಕು ಸಾಗಿಸುವ ಸಾಮಾನ್ಯ ಸಾಗಣೆದಾರರು ನೋಂದಣಿ ಪಡೆದಿರಬೇಕು. ಆ ಪ್ರಮಾಣಪತ್ರವನ್ನೂ ತೋರಿಸಲು ಹೇಳಿ. ತೋರಿಸಲು ಹಿಂಜರಿಯುವವರೊಡನೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಮನೆ ನೋಡಲು ಬಂದವರು ನಿಜವಾಗಿ ಕೆಲಸ ಬಲ್ಲವರಾದರೆ ಟೇಪು ಹಿಡಿದು ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು, ಸೂರಿನ ಎತ್ತರ ಅಳೆಯುತ್ತಾರೆ. ನೀವೂ ಅಳೆದಿಟ್ಟುಕೊಳ್ಳಿ, ಮಗನಿಂದ ಬಳ್ಳಾರಿಯ ಮನೆಯ ಅಳತೆಯನ್ನೂ ತರಿಸಿಕೊಳ್ಳಿ. ಇಲ್ಲಿಂದ ಇಳಿಸಿದ ಕಪಾಟು ಅಲ್ಲಿನ ತಿರುವಿನಲ್ಲಿ ಸಿಕ್ಕಿಬಿದ್ದಾಗ ಜನ ಬೇಸತ್ತು ಬಲ ಹಾಕುತ್ತಾರೆ, ಆಗಲೇ ಚೌಕಟ್ಟು ಸೀಳುವುದು. ತೂಕದ ಲೆಕ್ಕವೂ ಕಷ್ಟವಲ್ಲ. ಒಂದು ಅಂಗುಲ ದಪ್ಪದ ಸಾಗವಾನಿ ಹಲಗೆ ಚದರಡಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಿಮ್ಮ ಕಪಾಟು ಏಳು ಅಡಿ ಎತ್ತರ, ನಾಲ್ಕಡಿ ಅಗಲ, ಪೌಣೆರಡಡಿ ಆಳವಿದೆ ಎಂದುಕೊಂಡರೆ, ಹಿಂಬದಿಯ ಹಲಗೆ ತೆಳುವಾಗಿದ್ದರೂ ಒಟ್ಟು 130ರಿಂದ 150 ಕಿಲೋ ಆಗುತ್ತದೆ. ಮೆಟ್ಟಿಲಿನಲ್ಲಿ ಒಬ್ಬನ ಪಾಲಿಗೆ 25 ಕಿಲೋಗಿಂತ ಹೆಚ್ಚು ಬರಬಾರದೆಂದು ನಾನು ಹೇಳುತ್ತೇನೆ. ಆ ಲೆಕ್ಕದಲ್ಲಿ ಇದಕ್ಕೆ ಆರು ಜನ ಬೇಕು, ಆದರೆ ಹಳೆಯ ಮನೆಗಳ ಕಿರಿದಾದ ಮೆಟ್ಟಿಲಿನಲ್ಲಿ ಆರು ಜನ ನಿಲ್ಲಲು ಜಾಗವೇ ಇರುವುದಿಲ್ಲ. ಬಾಗಿಲುಗಳನ್ನೂ ಒಳಗಿನ ಹಲಗೆಗಳನ್ನೂ ತೆಗೆದುಬಿಟ್ಟರೆ ಹೆಚ್ಚುಕಡಿಮೆ ಅರ್ಧ ಭಾರ ಇಳಿಯುತ್ತದೆ, ಮೂರು ನಾಲ್ಕು ಜನ ಸಾಕಾಗುತ್ತಾರೆ. ಇದನ್ನೇ ಅವರು ಸೂಚಿಸುತ್ತಾರೆಯೇ ಅಥವಾ ‘ಹಾಗೇ ಎತ್ತಿಬಿಡುತ್ತೇವೆ’ ಎನ್ನುತ್ತಾರೆಯೇ ಎಂಬುದರಿಂದಲೇ ತಂಡದ ಯೋಗ್ಯತೆ ತಿಳಿಯುತ್ತದೆ.

ಬಿಚ್ಚುವ ಕೆಲಸವನ್ನು ಮಾತ್ರ ಸಾಗಣೆಯವರಿಗೆ ಬಿಡಬೇಡಿ. ಹಳೆಯ ಸಾಗವಾನಿ ಮತ್ತು ಬೀಟೆಯ ಕೆಲಸದಲ್ಲಿ ಕೂಡುವಲ್ಲಿ ಮರದ ಗೂಟ, ಬೆಣೆಗಳಿರುತ್ತವೆ. ಅವುಗಳನ್ನು ಯಾವ ದಿಕ್ಕಿನಿಂದ ಹೊಡೆದು ತೆಗೆಯಬೇಕೆಂಬುದು ಬಡಗಿಗೆ ಗೊತ್ತು, ಸ್ಕ್ರೂಡ್ರೈವರ್ ಹಿಡಿದು ಬಂದ ಹುಡುಗನಿಗೆ ಗೊತ್ತಿರುವುದಿಲ್ಲ. ಹಿಂದಿನ ದಿನವೇ ನಂಬಿಕೆಯ ಬಡಗಿಯೊಬ್ಬರನ್ನು ಕರೆಸಿ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ಪ್ರತಿ ಕೂಡಿಕೆಯ ಎರಡೂ ಬದಿಗೆ ಕಾಣದ ಜಾಗದಲ್ಲಿ ಸೀಮೆಸುಣ್ಣದಿಂದ ಒಂದೇ ಅಂಕಿ ಬರೆಸಿ, ತಿರುಪುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಆಯಾ ತುಂಡಿಗೇ ಕಟ್ಟಿಸಿ. ಮೇ ತಿಂಗಳಿನಲ್ಲಿ ನಮ್ಮ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ, ಮರ ಕುಗ್ಗಿ ಕೂಡಿಕೆಗಳು ಸಡಿಲವಾಗಿರುತ್ತವೆ. ಮಂಚವನ್ನು ಎತ್ತದೆ ನೆಲದ ಮೇಲೆ ಎಳೆದರೆ ಕಾಲು ಮುರಿಯುವುದು ಹೆಚ್ಚಾಗಿ ಇಂಥ ದಿನಗಳಲ್ಲಿ. ಇನ್ನು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ವಾರ್ಡ್‌ರೋಬ್ ಏನಾದರೂ ನಿಮ್ಮಲ್ಲಿದ್ದರೆ, ಅದರಲ್ಲಿ ತಿರುಪಿನ ತೂತು ಎರಡನೆಯ ಬಾರಿಗೆ ಹಿಡಿತ ಕೊಡುವುದಿಲ್ಲ. ಸಾಗಣೆಯ ಖರ್ಚಿಗೆ ಹೋಲಿಸಿದರೆ ಅದನ್ನು ಇಲ್ಲಿಯೇ ಯಾರಿಗಾದರೂ ಕೊಟ್ಟು ಹೋಗುವುದು ಲೇಸು.

ಗ್ರಾನೈಟ್ ಹಾಸನ್ನು ಚೌಕಟ್ಟಿನಿಂದ ಬೇರ್ಪಡಿಸಿಯೇ ಒಯ್ಯಬೇಕು. 18 ಮಿ.ಮೀ. ದಪ್ಪದ ಕಲ್ಲು ಚದರಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುವುದರಿಂದ, ಐದಡಿಗೆ ಮೂರಡಿಯ ಹಾಸು ಸುಮಾರು 68 ಕಿಲೋ ಇರುತ್ತದೆ. ಕಲ್ಲಿಗೆ ಒತ್ತಡ ತಾಳುವ ಶಕ್ತಿ ಬಹಳ, ಬಾಗುವಿಕೆ ತಾಳುವ ಶಕ್ತಿ ಬಹಳ ಕಡಿಮೆ. ಇಬ್ಬರು ಎರಡು ತುದಿ ಹಿಡಿದು ಚಪ್ಪಟೆಯಾಗಿ ಎತ್ತಿದರೆ ತನ್ನ ಭಾರಕ್ಕೇ ನಡುವೆ ಬಿರುಕು ಬಿಡಬಹುದು. ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಯೇ ಎತ್ತಬೇಕು, ಲಾರಿಯಲ್ಲಿಯೂ ಹಾಸಿಗೆಯ ಮೇಲೆ ಅಂಚನ್ನು ಇಟ್ಟು ಗೋಡೆಗೆ ಆನಿಸಿ ಕಟ್ಟಬೇಕು. ಬೀರುವಿನ ಕನ್ನಡಿಗೂ ಇದೇ ನಿಯಮ. ಬೀರು ಖಾಲಿಯಿರಲಿ, ಒಳಗಿನ ಲಾಕರ್‌ನಲ್ಲಿರುವ ಒಡವೆ, ಹಣ, ಕಾಗದಪತ್ರಗಳು ನಿಮ್ಮ ಕೈಚೀಲದಲ್ಲಿ ಹೋಗಲಿ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತೆಗೆದಿಟ್ಟುಕೊಳ್ಳಿ, ಏಕೆಂದರೆ ಚಾಚಿಕೊಂಡ ಕೀಲಿ ಗೋಡೆಗೆ ತಾಗಿ ಮುರಿದರೆ ಬೀಗವೇ ಕೆಡುತ್ತದೆ. ಮೆಟ್ಟಿಲಿನಲ್ಲಿ ಭಾರದ ದೊಡ್ಡ ಪಾಲು ಕೆಳಗೆ ಹಿಡಿದವರ ಮೇಲೆ ಬೀಳುತ್ತದೆ. ಗಟ್ಟಿಮುಟ್ಟಾದವರು, ಅನುಭವಿಗಳು ಕೆಳಗಿರಬೇಕು. ಮನೆಯ ಮಕ್ಕಳು, ಸಹಾಯಕ್ಕೆ ಬಂದ ನೆಂಟರು ಆ ಹೊತ್ತಿನಲ್ಲಿ ಮೆಟ್ಟಿಲಿನ ಕೆಳಗೆ ನಿಲ್ಲಲೇಬಾರದು.

ಬಳ್ಳಾರಿಯ ಮನೆಯ ಲಿಫ್ಟಿನಲ್ಲಿ ಹಿಡಿಯದಿದ್ದರೆ ಬಾಲ್ಕನಿಯಿಂದ ಹಗ್ಗ ಹಾಕಿ ಎಳೆಯೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಚ್ಚಿದ ಹಲಗೆಗಳಿಗೆ, ಹಾಸಿಗೆಗಳಿಗೆ ಇದು ಸರಿ. ಬೀರುವಿಗೂ ಗ್ರಾನೈಟಿಗೂ ಒಪ್ಪಬೇಡಿ. ಬಾಲ್ಕನಿಯ ಕೈಪಿಡಿ ಗೋಡೆಯನ್ನು ಅಷ್ಟು ಭಾರ ತಾಳಲೆಂದು ಕಟ್ಟಿರುವುದಿಲ್ಲ, ಕಿರಿದಾದ ಓಣಿಗಳಲ್ಲಿ ವಿದ್ಯುತ್ ತಂತಿಗಳು ಕೈಗೆಟುಕುವಷ್ಟು ಹತ್ತಿರ ಹಾದುಹೋಗಿರುತ್ತವೆ, ಕಬ್ಬಿಣದ ಬೀರು ಗಾಳಿಗೆ ತಿರುಗಿ ತಂತಿಗೆ ತಾಗಿದರೆ ಹೋಗುವುದು ಜೀವ.

ಪ್ಯಾಕಿಂಗ್ ವಿಷಯದಲ್ಲಿ ನಮ್ಮ ಬಿಸಿಲಿಗೆ ತಕ್ಕ ಎಚ್ಚರ ಬೇಕು. ಗುಳ್ಳೆ ಪ್ಲಾಸ್ಟಿಕ್ಕನ್ನು ಪಾಲಿಶ್ ಮಾಡಿದ ಮರದ ಮೇಲೆ ನೇರವಾಗಿ ಸುತ್ತಿ ಮೇ ತಿಂಗಳ ಬಿಸಿಲಿನಲ್ಲಿ ಲಾರಿಯೊಳಗಿಟ್ಟರೆ, ಪಾಲಿಶ್ ಮೆತ್ತಗಾಗಿ ಗುಳ್ಳೆಗಳ ಗುರುತು ಮರದ ಮೇಲೆ ಅಚ್ಚಾಗಿಬಿಡುತ್ತದೆ. ಮೊದಲು ಹಳೆಯ ಹತ್ತಿಯ ಸೀರೆ, ದುಪ್ಪಟಿ ಅಥವಾ ಕಂಬಳಿ, ಅದರ ಮೇಲೆ ರಟ್ಟು, ಮೂಲೆಗಳಿಗೆ ದಪ್ಪ ರಟ್ಟಿನ ಮಡಿಕೆ, ಕೊನೆಯಲ್ಲಿ ಪ್ಲಾಸ್ಟಿಕ್: ಈ ಕ್ರಮ ಪಾಲಿಸುವಂತೆ ಹೇಳಿ. ಅಂಟುಪಟ್ಟಿ ಮರಕ್ಕೆ ತಾಗಲೇಬಾರದು. ಹತ್ತಿಸುವ ಕೆಲಸ ಬೆಳಗಿನ ಐದೂವರೆ, ಆರಕ್ಕೇ ಆರಂಭವಾಗಲಿ. ಮಧ್ಯಾಹ್ನದ ಬಿಸಿಲಿನಲ್ಲಿ ದಣಿದ ಕೈಗಳು ಬೆವರಿನಿಂದ ಜಾರುತ್ತವೆ. ಅವರಿಗೆ ನೀರು, ಮಜ್ಜಿಗೆ, ನಡುವೆ ವಿಶ್ರಾಂತಿ ಕೊಡುವುದು ಮನುಷ್ಯತ್ವವೂ ಹೌದು, ಸಾಮಾನಿನ ರಕ್ಷಣೆಯೂ ಹೌದು.

ವಾಹನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನೀವು ಹೇಳಿದ ಪಟ್ಟಿಗೆ ಪಾತ್ರೆಪಗಡಗಳ ಪೆಟ್ಟಿಗೆಗಳೂ ಸೇರಿದರೆ 14 ಅಡಿಯ ಮುಚ್ಚಿದ ಲಾರಿ ಬೇಕಾಗುತ್ತದೆ. ಛೋಟಾ ಹಾಥಿಯಂಥ ಚಿಕ್ಕ ವಾಹನದಲ್ಲಿ ಎರಡು ಸಲ ಸಾಗಿಸುವ ಯೋಚನೆ ಬೇಡ. ಮುಖ್ಯವಾದದ್ದು, ಲಾರಿ ನಿಮಗೊಬ್ಬರಿಗೇ ಆಗಿರಬೇಕು. ಬೇರೆಯವರ ಸಾಮಾನಿನ ಜೊತೆ ಸೇರಿಸಿ ಕಳಿಸುವುದಾದರೆ ದರ ಇಳಿಯುತ್ತದೆ, ಆದರೆ ನಿಮ್ಮ ಕಪಾಟು ನಡುವೆ ಎಲ್ಲೋ ಒಂದು ಗೋದಾಮಿನಲ್ಲಿ ಇಳಿದು ಮತ್ತೆ ಹತ್ತುತ್ತದೆ, ಕೈಯಿಂದ ಕೈಗೆ ಹೋದಷ್ಟೂ ಪೆಟ್ಟು ಹೆಚ್ಚು. ಮಾನ್ವಿ, ಸಿಂಧನೂರು, ಸಿರುಗುಪ್ಪ ಮಾರ್ಗವಾಗಿಯೇ ಹೋಗಲು ಹೇಳಿ. ಆದೋನಿ ಕಡೆಯಿಂದ ಹೋದರೆ ಆಂಧ್ರ ದಾಟಬೇಕು, ಅದಕ್ಕೆ ತಕ್ಕ ಪರ್ಮಿಟ್ ಇಲ್ಲದ ಲಾರಿಯನ್ನು ತಡೆದರೆ ನಿಮ್ಮ ಸಾಮಾನು ಬಿಸಿಲಿನಲ್ಲಿ ನಿಲ್ಲುತ್ತದೆ. ಈ ಭಾಗದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ರಸ್ತೆ ಅಲೆಯಲೆಯಾಗಿ ಏಳುತ್ತದೆ, ಲಾರಿ ಓಲಾಡುತ್ತದೆ. ಆದ್ದರಿಂದ ಬೀರು, ಕಪಾಟು, ಫ್ರಿಜ್ ಎಲ್ಲವೂ ಚಾಲಕನ ಹಿಂಬದಿಯ ಗೋಡೆಗೆ ತಾಗಿ ಮುಂದೆ ನಿಲ್ಲಬೇಕು, ನಡುವೆ ಹಾಸಿಗೆ ದಿಂಬು ತುರುಕಿರಬೇಕು, ಪ್ರತಿಯೊಂದನ್ನೂ ಲಾರಿಯ ಕೊಂಡಿಗೆ ಬೇರೆ ಬೇರೆಯಾಗಿ ಬಿಗಿದಿರಬೇಕು. ಇನ್ನೊಂದು ಮಾತು: ಏಪ್ರಿಲ್ ಮೇ ತಿಂಗಳುಗಳಲ್ಲಿ ಕಾಲುವೆ ಸೀಮೆಯಲ್ಲಿ ಬೇಸಿಗೆ ಭತ್ತದ ಕೊಯ್ಲು ನಡೆಯುತ್ತದೆ, ಲಾರಿಗಳೂ ಹಮಾಲರೂ ಸಿಗುವುದು ಕಷ್ಟ. ಎರಡು ಮೂರು ವಾರ ಮೊದಲೇ ದಿನಾಂಕವನ್ನು ಬರೆಯಿಸಿ ಗಟ್ಟಿ ಮಾಡಿಕೊಳ್ಳಿ.

ಫ್ರಿಜ್ ನೆಟ್ಟಗೆ ನಿಂತೇ ಹೋಗಲಿ. ಮಲಗಿಸಲೇಬೇಕಾಗಿ ಬಂದರೆ ಅಲ್ಲಿ ನಿಲ್ಲಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಿ. ಮುಂಬಾಗಿಲಿನ ವಾಷಿಂಗ್ ಮಷಿನ್ ಆದರೆ ಹಿಂಬದಿಗೆ ಹಾಕುವ ಸಾಗಣೆ ಬೋಲ್ಟುಗಳನ್ನು ಹುಡುಕಿಡಿ, ಅವಿಲ್ಲದೆ ಸಾಗಿಸಿದರೆ ಒಳಗಿನ ಡ್ರಮ್ ತೂಗಾಡಿ ಅದರ ಆಧಾರಗಳು ಹಾಳಾಗುತ್ತವೆ. ಇನ್ವರ್ಟರ್ ಬ್ಯಾಟರಿಯೊಳಗೆ ಆಮ್ಲವಿರುವುದರಿಂದ ಅದು ವಾಲದಂತೆ, ಮರದ ಸಾಮಾನುಗಳಿಂದ ದೂರ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಿಲ್ಲಬೇಕು. ಅಡುಗೆ ಅನಿಲದ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ವಿತರಕರಿಗೆ ಒಪ್ಪಿಸಿ ವರ್ಗಾವಣೆಯ ಕಾಗದ ಪಡೆಯಿರಿ.

ಈಗ ಶೇ 3ರ ವಿಮೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜನರು ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ಸಾಮಾನಿನ ಬೆಲೆ 4 ಲಕ್ಷ ಎಂದು ನೀವು ಬರೆದುಕೊಟ್ಟರೆ ಆ ಶೇ 3 ಅಂದರೆ 12,000 ರೂಪಾಯಿ. ಆ ಹಣ ವಿಮಾ ಕಂಪನಿಗೆ ಹೋಗುತ್ತದೆಯೋ ಸಾಗಣೆಯವರ ಜೇಬಿಗೆ ಹೋಗುತ್ತದೆಯೋ ಕೇಳಿ. ನಿಜವಾದ ವಿಮೆಯಾದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ವಿಮೆಯ ಲಾಭ ಪಡೆಯುವವರಾಗಿ ನಿಮ್ಮ ಹೆಸರು ಇರುವ ಕಾಗದ ಸಾಮಾನು ಹೊರಡುವ ಮೊದಲೇ ಕೈಗೆ ಬರಬೇಕು. ಬಿಲ್ಲಿನ ಮೇಲೆ ‘ವಿಮೆ’ ಎಂದು ಒಂದು ಸಾಲು ಬರೆದರೆ ಅದು ವಿಮೆಯಲ್ಲ, ಅವರ ಬಾಯಿಮಾತಿನ ಹೊಣೆ ಮಾತ್ರ. ಪಾಲಿಸಿ ಕೈಗೆ ಬಂದರೂ ಅದರ ವ್ಯಾಪ್ತಿ ನೋಡಿ. ಕೆಲವು ಪಾಲಿಸಿಗಳು ಬೆಂಕಿ, ಲಾರಿ ಡಿಕ್ಕಿ, ಲಾರಿ ಉರುಳುವಿಕೆಯಂಥ ಹೆಸರಿಸಿದ ಅಪಾಯಗಳಿಗೆ ಮಾತ್ರ ಪರಿಹಾರ ಕೊಡುತ್ತವೆ. ಕೆಲವು ಎಲ್ಲ ಬಗೆಯ ಆಕಸ್ಮಿಕ ಹಾನಿಗೂ ಅನ್ವಯಿಸುತ್ತವೆ. ನಿಮಗೆ ಬೇಕಾದದ್ದು ಎರಡನೆಯದು, ಅದರಲ್ಲಿಯೂ ಹತ್ತಿಸುವ ಮತ್ತು ಇಳಿಸುವ ಹೊತ್ತಿನ ಹಾನಿ ಸೇರಿದೆಯೆಂದು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಮೆಟ್ಟಿಲಿನಲ್ಲಿ ಬಿದ್ದ ಕಪಾಟಿಗೆ, ಲಾರಿ ಉರುಳಿದರೆ ಮಾತ್ರ ಹಣ ಕೊಡುವ ಪಾಲಿಸಿಯಿಂದ ಏನೂ ಸಿಗುವುದಿಲ್ಲ. ಪ್ಯಾಕಿಂಗ್ ಸರಿಯಿರಲಿಲ್ಲವೆಂಬ ಕಾರಣಕ್ಕೂ ವಿಮೆಯವರು ನಿರಾಕರಿಸಬಹುದು, ಆದ್ದರಿಂದ ಪ್ಯಾಕಿಂಗ್ ಆಗುತ್ತಿರುವಾಗಲೂ ಫೋಟೊ ತೆಗೆಯಿರಿ.

ವಿಮೆಯಿಲ್ಲದಿದ್ದರೆ ಕಾನೂನು ಕೊಡುವ ರಕ್ಷಣೆಗೆ ಮಿತಿಯಿದೆ. ಸಾಮಾನ್ಯ ಸಾಗಣೆದಾರನ ಹೊಣೆ, ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆಯನ್ನು ಬರೆಯಿಸಿಕೊಳ್ಳದಿದ್ದರೆ, ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನೀವು ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ಬೆಲೆಯನ್ನೇ ಬರೆಯದೆ ‘ಮನೆ ಸಾಮಾನು’ ಎಂದಷ್ಟೇ ಬರೆದ ರಸೀತಿ ನಿಮ್ಮ ವಾದವನ್ನು ಮೊದಲೇ ದುರ್ಬಲಗೊಳಿಸುತ್ತದೆ. ಪ್ರತಿ ಸಾಮಾನಿಗೂ ಒಂದು ಸಾಲಿನಂತೆ ಪಟ್ಟಿ ಮಾಡಿ, ಈಗಾಗಲೇ ಇರುವ ಗೀರು, ಬಿರುಕುಗಳನ್ನು ನೀವೇ ಪ್ರಾಮಾಣಿಕವಾಗಿ ಬರೆದು, ಎರಡೂ ಕಡೆಯವರು ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿ ನಿಯಮದಡಿ ಸರಕು ಸಾಗಣೆಗೆ ಪಡೆಯುವ ಕಾಗದ, ಬೇಕಿಲ್ಲ. ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಈ ಪಟ್ಟಿಯ ಪ್ರತಿ ಚಾಲಕನ ಬಳಿ ಇದ್ದರೆ ಸಾಕು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ, ಊರಿನವರು ಮನೆಗೆ ಬಂದು ಅಳೆದು, ಮನೆ ಸಾಮಾನು ಸಾಗಿಸಿ ರೂಢಿಯಿರುವ ಆರು ಜನರನ್ನು ಎರಡೂ ಊರಿಗೆ ಕರೆತರುವುದಾಗಿ, ಮುಚ್ಚಿದ ಲಾರಿ ಮತ್ತು ಕಂಬಳಿಗಳನ್ನು ತರುವುದಾಗಿ ಬರೆದುಕೊಟ್ಟರೆ, ದರ 18,000ದಿಂದ 24,000–25,000ಕ್ಕೆ ಏರಿದರೂ ನಾನು ಅವರನ್ನೇ ಆರಿಸುತ್ತೇನೆ; ಬಡಗಿಯ ಕೂಲಿಯನ್ನು ನೀವೇ ಕೊಟ್ಟು, ವಿಮೆಯನ್ನು ಸಾಧ್ಯವಾದರೆ ಬೇರೆಯಾಗಿ ವಿಮಾ ಕಂಪನಿಯಿಂದಲೇ ಪಡೆಯಿರಿ. ಅವರು ಇದಕ್ಕೆ ಒಪ್ಪದಿದ್ದರೆ, ಮತ್ತು ಇನ್ನೊಂದು ಸಂಸ್ಥೆಗೆ ನಿಜವಾದ ಕಚೇರಿ, ತನ್ನದೇ ಕೆಲಸಗಾರರು, ತೋರಿಸಲು ಪಾಲಿಸಿ ಇದ್ದರೆ, 34,000 ದುಬಾರಿಯಲ್ಲ. ಎರಡೂ ಇಲ್ಲದಿದ್ದರೆ ಮೂರನೆಯವರನ್ನು ಹುಡುಕಿ. ಕಡಿಮೆ ದರ ಎಂಬ ಒಂದೇ ಕಾರಣಕ್ಕೆ ತಾತನ ಕಪಾಟನ್ನು ಒಪ್ಪಿಸಬೇಡಿ.

ಹಣವನ್ನು ಒಮ್ಮೆಲೇ ಕೊಡಬೇಡಿ. ಸ್ವಲ್ಪ ಮುಂಗಡ, ಹತ್ತಿಸಿದ ಮೇಲೆ ಒಂದು ಭಾಗ, ಬಳ್ಳಾರಿಯಲ್ಲಿ ಇಳಿಸಿ ನೋಡಿದ ಮೇಲೆ ಉಳಿದದ್ದು ಎಂದು ಒಪ್ಪಂದದಲ್ಲಿಯೇ ಇರಲಿ, ಮಹಡಿಯ ಕೂಲಿ, ಟೋಲ್, ಕಾಯುವ ಬಾಡಿಗೆ ಎಲ್ಲವೂ ದರದಲ್ಲಿ ಸೇರಿವೆಯೆಂದೂ ಬರೆದಿರಲಿ. ಕಡಿಮೆ ದರ ಹೇಳಿ, ಮನೆಯ ಮುಂದೆ ಲಾರಿ ನಿಲ್ಲಿಸಿ, ಇನ್ನಷ್ಟು ಕೊಟ್ಟರೆ ಮಾತ್ರ ಇಳಿಸುತ್ತೇವೆ ಎನ್ನುವುದು ಈ ವ್ಯವಹಾರದಲ್ಲಿ ಹಳೆಯ ಮೋಸ. ಹಾಗಾದರೆ ವಾದಕ್ಕಿಳಿಯದೆ ಲಾರಿಯ ಸಂಖ್ಯೆಯ ಫೋಟೊ ತೆಗೆದು 112ಕ್ಕೆ ಕರೆ ಮಾಡಿ, ಒಪ್ಪಂದದ ಕಾಗದ ತೋರಿಸಿ.

ಇಳಿಸಿದ ಮೇಲೆ ‘ಎಲ್ಲ ಸರಿಯಾಗಿ ತಲುಪಿದೆ’ ಎಂಬ ಕಾಗದಕ್ಕೆ ಆತುರದಿಂದ ಸಹಿ ಹಾಕಬೇಡಿ. ಕಪಾಟು, ಮಂಚ, ಗ್ರಾನೈಟ್, ಬೀರು ಇವಿಷ್ಟನ್ನಾದರೂ ಬಿಚ್ಚಿ ಬೆಳಕಿನಲ್ಲಿ ನೋಡಿ. ಹಾನಿ ಕಂಡರೆ ಅದೇ ರಸೀತಿಯ ಮೇಲೆ ಬರೆದು, ಚಾಲಕನ ಸಹಿ ಪಡೆದು, ಫೋಟೊ ತೆಗೆಯಿರಿ. ವಿಮೆಯಿದ್ದರೆ ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ಅವರು ನೋಡುವ ತನಕ ದುರಸ್ತಿ ಮಾಡಿಸಬೇಡಿ. ಸಾಗಣೆದಾರನಿಗೆ ಲಿಖಿತ ನೋಟಿಸನ್ನು ಸಾಮಾನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಕೊಟ್ಟಿರಬೇಕು, ಇಲ್ಲದಿದ್ದರೆ 2007ರ ಕಾಯ್ದೆಯಡಿ ದಾವೆ ನಿಲ್ಲುವುದಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಅವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ಕೊಡಲು ಅವಕಾಶವಿರುವುದರಿಂದ, ಸಂಸ್ಥೆಯ ಕಚೇರಿ ಹೈದರಾಬಾದಿನಲ್ಲಿದ್ದರೂ ನೀವು ಬಳ್ಳಾರಿಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸೇವೆಗೆ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.